ಅರ್ಧಕ್ಕೆ ನಿಂತ ಹನ್ನೊಂದು ಕಥೆ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಬಾಗಲಕೋಟೆ ನವನಗರದವಳು. ವಯಸ್ಸು 27. ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿದ್ದಾಗಿನಿಂದ ಕಥೆ ಬರೆಯುವ ಹುಚ್ಚು ಇದೆ, ಆದರೆ ಇವತ್ತಿನವರೆಗೆ ಒಂದನ್ನೂ ಮುಗಿಸಿಲ್ಲ. ಮೊನ್ನೆ ಭಾನುವಾರ ಕೂತು ಎಣಿಸಿದೆ, ಹನ್ನೊಂದು ಕಥೆ ಅರ್ಧಕ್ಕೆ ನಿಂತಿವೆ. ಶುರು ಮಾಡಿದಾಗ ಊಟ, ನಿದ್ದೆ ಏನೂ ಬೇಡ ಅನ್ನಿಸುತ್ತದೆ. ಹತ್ತು ಹನ್ನೆರಡು ಪುಟ ಆಗುವಷ್ಟರಲ್ಲಿ ಇನ್ನೊಂದು ಹೊಳೆಯುತ್ತದೆ, ಅದು ಇದಕ್ಕಿಂತ ಚಲೋ ಅನ್ನಿಸುತ್ತದೆ, ಇದನ್ನು ಬಿಟ್ಟು ಅದರ ಹಿಂದೆ ಓಡುತ್ತೇನೆ. ಹಳೆಯದಕ್ಕೆ ವಾಪಸ್ ಬಂದರೂ ಮೊದಲ ಪುಟ ಇಷ್ಟವಾಗದೆ ಮತ್ತೆ ಮೊದಲಿನಿಂದ ಬರೆಯುತ್ತೇನೆ. ಅಜ್ಜಿಯ ಕಥೆಯ ಮೊದಲ ಪುಟವನ್ನು ಒಂಬತ್ತು ಸಲ ಬರೆದಿದ್ದೇನೆ. ನಮ್ಮವ್ವ "ನಿನ್ನ ಬುದ್ಧಿನ ಹಂಗ, ಕಸೂತಿ ಹಿಡದ್ರೂ ಅರ್ಧಕ್ಕ ಬಿಡ್ತಿದ್ದಿ" ಅಂತ ಬೈಯುತ್ತಾಳೆ. ನನ್ನ ಮನಸ್ಸೇ ಚಂಚಲವಾ? ಒಂದೇ ಕಥೆ ಹಿಡಿದು ಕೂರುವುದು ಹೇಗೆ? ಮೂರು ಕಥೆಗಳನ್ನು ಇದ್ದ ಹಾಗೇ ಕಳಿಸಿದ್ದೇನೆ. ದಯವಿಟ್ಟು ಹೆಸರು ಹಾಕಬೇಡಿ, ಬ್ಯಾಂಕಿನಲ್ಲಿ ಎಲ್ಲರೂ ಈ ಪತ್ರಿಕೆ ಓದುತ್ತಾರೆ.

ಉತ್ತರ: ಹೆಸರು ಹಾಕಿಲ್ಲ ತಂಗಿ. ಆದರೆ ನವನಗರ, ಸಹಕಾರಿ ಬ್ಯಾಂಕು, ಕ್ಯಾಶ್ ಕೌಂಟರು ಅಂತ ನೀನೇ ಬರೆದುಕೊಟ್ಟಿದ್ದೀಯ. ಅದರಿಂದ ಯಾರಾದರೂ ಗುರುತು ಹಿಡಿದರೆ ನನ್ನ ತಪ್ಪಲ್ಲ.

ಚಂಚಲ ಅನ್ನೋ ಮಾತನ್ನ ಮೊದಲು ಬಿಡು. ಮನಸ್ಸು ಚಂಚಲ ಇರುವವರು ಕ್ಯಾಶ್ ಕೌಂಟರಿನಲ್ಲಿ ಒಂದು ವಾರ ಉಳಿಯೋದಿಲ್ಲ, ಸಂಜೆ ಲೆಕ್ಕ ತಾಳೆ ಆಗದೆ ಕೈಯಿಂದ ತುಂಬಬೇಕಾಗುತ್ತೆ. ನಿನಗೆ ಗಮನ ಇಡಲಿಕ್ಕೆ ಬರುತ್ತೆ. ಕಥೆಯ ಒಂದು ಜಾಗದಲ್ಲಿ ಮಾತ್ರ ಬರೋದಿಲ್ಲ. ಅದು ಯಾವ ಜಾಗ ಅಂತ ನಿನ್ನ ಮೂರು ಕಥೆಗಳನ್ನ ಪಕ್ಕಪಕ್ಕ ಇಟ್ಟಾಗ ಕಂಡಿತು.

ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲನೆಯದು ಅಜ್ಜಿಯ ಕಥೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಗುತ್ತೆ. 15 ವರ್ಷದಿಂದ ಮಾತು ಬಿಟ್ಟಿರುವ ತಮ್ಮನ ಮನೆಗೆ ಅಜ್ಜಿ ಪರಿಹಾರದ ದುಡ್ಡಿನ ವಿಷಯ ಮಾತಾಡಲಿಕ್ಕೆ ಹೋಗುತ್ತಾಳೆ, ಬಾಗಿಲು ಬಡಿಯುತ್ತಾಳೆ. 14ನೇ ಪುಟ, ಅಲ್ಲಿಗೆ ನಿಂತಿದೆ. ಎರಡನೆಯದು ನಮ್ಮೂರು ವಿಜಯಪುರದ್ದು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತ ಹುಡುಗಿಗೆ ಆಚೆ ಬದಿಯಿಂದ ಯಾರೋ ತನ್ನ ಹೆಸರು ಹೇಳಿದ್ದು ಕಿವಿ ಹತ್ತಿರವೇ ಹೇಳಿದ ಹಾಗೆ ಕೇಳಿಸುತ್ತೆ, ದನಿಯ ಗುರುತು ಸಿಗುತ್ತೆ, ಆತ ಸುತ್ತು ಹಾಕಿಕೊಂಡು ಹತ್ತಿರ ಬರುತ್ತಾನೆ, ಅವಳು ತಿರುಗುತ್ತಾಳೆ. 11ನೇ ಪುಟ. ಮೂರನೆಯದು ಬೆಳಗಾವಿಯ ಒಂದು ಕುಂದಾ ಅಂಗಡಿ. ಗಲ್ಲಾ ಪೆಟ್ಟಿಗೆಯಿಂದ ದುಡ್ಡು ಎತ್ತಿದ ಹುಡುಗನನ್ನು ಮಾಲೀಕ ಹಿಂದಿನ ಕೋಣೆಗೆ ಕರೆಯುತ್ತಾನೆ, ಹುಡುಗ ಒಳಗೆ ಹೋಗುತ್ತಾನೆ. 12ನೇ ಪುಟ. (ಹಾಲು ತಳ ಹಿಡಿಯದ ಹಾಗೆ ಆ ಹುಡುಗ ಕೈಯಾಡಿಸೋದನ್ನ ಒಂದೂವರೆ ಪುಟ ಬರೆದಿದ್ದೀಯಲ್ಲ, ಓದುತ್ತ ಓದುತ್ತ ನನ್ನ ಭುಜ ನೋಯ್ತು. ನಿನಗೆ ಬರವಣಿಗೆ ಬರುತ್ತೆ, ಆ ಅನುಮಾನ ಬೇಡ.)

ಕಂಡಿತಾ? ಮೂರೂ ಒಂದೇ ಕಡೆ ನಿಂತಿವೆ, ಇಬ್ಬರು ಎದುರುಬದುರು ನಿಂತು ಮಾತಾಡಬೇಕಾದಲ್ಲಿ. ಅಲ್ಲಿಯವರೆಗೆ ಮನೆ, ಮಳೆ, ಗುಮ್ಮಟ, ಕುಂದಾ ಎಲ್ಲ ಚೆನ್ನಾಗಿ ಬಂದಿವೆ. ಒಬ್ಬರು ಬಾಯಿ ತೆಗೆಯಬೇಕು ಅನ್ನುವಾಗ ಸರಿಯಾಗಿ ನಿನಗೆ ಹೊಸ ಕಥೆ ಹೊಳೆಯುತ್ತೆ! ಉಳಿದ ಎಂಟು ಎಲ್ಲೆಲ್ಲಿ ನಿಂತಿವೆ ಅಂತ ಇವತ್ತು ರಾತ್ರಿ ತೆಗೆದು ನೋಡು. ಎಲ್ಲವೂ ಹಾಗೇ ಇರಲಿಕ್ಕಿಲ್ಲ, ಐದಾರಾದರೂ ಇರುತ್ತವೆ ಅಂತ ನನ್ನ ಅಂದಾಜು.

ಹೊಸ ಕಥೆ ಯಾವಾಗಲೂ ಚಲೋ ಕಾಣುತ್ತೆ, ಯಾಕಂದ್ರೆ ಅದಿನ್ನೂ ನಿನ್ನನ್ನ ಏನೂ ಕೇಳಿಲ್ಲ. ಹಳೆಯದು 14 ಪುಟ ನಡೆದು ಬಂದು ಈಗ ಕೇಳುತ್ತಿದೆ, ಈ ತಮ್ಮ ಎಂಥವನು, ಅಕ್ಕನನ್ನ ಕಂಡು ಏನಂತಾನೆ ಅಂತ. ನಿನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದು ಒಳಗೆಲ್ಲೋ ಚುಚ್ಚುತ್ತೆ, ಅದನ್ನೇ ನೀನು "ಈ ಕಥೆ ಬೇಜಾರಾಯ್ತು" ಅಂತ ತಿಳಿದುಕೊಳ್ಳುತ್ತೀಯ. ನಾನೂ ಹಾಗೇ ತಿಳಿದುಕೊಂಡು ಎಷ್ಟೋ ವರ್ಷ ಕಳೆದವಳು.

ನನ್ನದೊಂದು ಹೇಳುತ್ತೇನೆ, ನಗಬೇಡ. ಸಾಲಿ ನೌಕರಿಗೆ ಸೇರಿದ ಹೊಸದರಲ್ಲಿ ಒಂದು ದೀಪಾವಳಿ ಕಥಾಸ್ಪರ್ಧೆಗೆ ಕಳಿಸಬೇಕು ಅಂತ ಆಸೆಯಾಯಿತು. ಟ್ರಂಕಿನಲ್ಲಿ ಆಗಲೇ ಏಳೆಂಟು ಅರ್ಧ ಕಥೆ ಇದ್ದವು. ಕೊನೇ ದಿನ ಬಂತು, ಒಂದೂ ಪೂರ್ತಿ ಇಲ್ಲ. ಏನು ಮಾಡಿದೆ ಅಂದ್ರೆ, ಒಂದರ ತಲೆಗೆ ಇನ್ನೊಂದರ ಬಾಲ ಹೊಲಿದೆ. ಎರಡರಲ್ಲೂ ಒಂದು ಬಾವಿ ಇತ್ತು ಅನ್ನೋದೇ ಧೈರ್ಯ. ಅಂಚೆಗೆ ಹಾಕಿದೆ. ಎರಡು ತಿಂಗಳಿಗೆ ಕಥೆ ವಾಪಸ್ ಬಂತು, ಎಂಟನೇ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: "ಶಾಂತವ್ವ ಎಲ್ಲಿಗೆ ಹೋದಳು? ಈ ಗಂಗವ್ವ ಯಾರು?" ಹೆಸರು ಬದಲಿಸೋದನ್ನೇ ಮರೆತಿದ್ದೆ. ಈಗಲೂ ನಮ್ಮ ಮನೆಯಲ್ಲಿ ಕನ್ನಡಕವೋ ಬೀಗದ ಕೈಯೋ ಕಳೆದರೆ ನಮ್ಮನೆಯವರು "ಶಾಂತವ್ವನ ಕೂಡ ಹೋಗಿರಬೇಕು" ಅಂತಾರೆ.

ನನ್ನ ತವರು ಇಳಕಲ್ ಕಡೆ. ಸೋದರತ್ತೆಯ ಮನೆಯಲ್ಲಿ ಕುಣಿಮಗ್ಗ ಇತ್ತು. ಬೇರೆ ಕಡೆ ಮಗ್ಗಕ್ಕೆ ಹಲವು ಸೀರೆಗೆ ಆಗುವಷ್ಟು ಉದ್ದದ ಹಾಸು, ಅಂದ್ರೆ ಉದ್ದಕ್ಕೆ ಹೋಗುವ ನೂಲು, ಒಮ್ಮೆಗೇ ಏರಿಸುತ್ತಾರೆ, ಇಳಕಲ್ ಕೈಮಗ್ಗದ ಸೀರೆಗೆ ಹಾಗೆ ಬರೋದಿಲ್ಲ. ಒಂದು ಸಲಕ್ಕೆ ಒಂದೇ ಸೀರೆಯ ಹಾಸು. ಕಾರಣ ಸೆರಗು. ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ, ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಬೇಕು. ಚಿಕ್ಕವಳಿದ್ದಾಗ ಅತ್ತೆಯ ಪಕ್ಕ ಕೂತು ನೋಡುತ್ತಿದ್ದೆ. ಲಾಳಿ ಹೊಡೆಯುವಾಗ ಆಕೆ ಹಾಡುತ್ತಿದ್ದಳು, ನಮ್ಮ ಕೂಡ ಹರಟುತ್ತಿದ್ದಳು, ಬೀದಿಯಲ್ಲಿ ಹೋಗುವವರನ್ನು ಕರೆದು ಬೈಯುತ್ತಿದ್ದಳು. ಆ ಕುಣಿಕೆಯ ಕೆಲಸದ ಹೊತ್ತಿಗೆ ಮಾತ್ರ ಬಾಯಿ ಬಂದ್. ಮುಖ ನೋಡಿದರೆ ಹೊಟ್ಟೆನೋವು ಬಂದವರ ಹಾಗೆ ಇರುತ್ತಿತ್ತು. ಒಮ್ಮೆ ಕೇಳಿದೆ, "ಇಷ್ಟ್ ತ್ರಾಸ ಆದ್ರ ಇದನ್ನ ಬಿಟ್ಟು ಬ್ಯಾರೆ ಸೀರಿ ಹಚ್ಚಬಾರದೇನ ಅತ್ತಿ?" ಅಂತ.

"ಯಾವ ಸೀರಿ ಹಚ್ಚಿದ್ರೂ ಸೆರಗ ಬರ್ತೈತೆವ್ವಾ" ಅಂದಳು, ತಲೆ ಎತ್ತದೆ.

ನಿನ್ನ ಹನ್ನೆರಡನೇ ಕಥೆಯಲ್ಲೂ ಯಾರೋ ಒಬ್ಬರು ಬಾಗಿಲು ಬಡಿಯುತ್ತಾರೆ ತಂಗಿ.

ಈಗ ಕೆಲಸದ ಮಾತು. ಹನ್ನೊಂದರಲ್ಲಿ ಯಾವುದನ್ನ ಹಿಡಿಯಬೇಕು? ಜಾಸ್ತಿ ಇಷ್ಟವಾದದ್ದು ಯಾವುದು ಅಂತ ಹುಡುಕಬೇಡ, ಇಷ್ಟ ಅನ್ನೋದು ದಿನಕ್ಕೊಂದು. "ನನಗೆ ಇಂಥದ್ದು ಗೊತ್ತಿಲ್ಲ" ಅಂತ ಒಂದೇ ವಾಕ್ಯದಲ್ಲಿ ಹೇಳಲಿಕ್ಕೆ ಬರುವ ಕಥೆ ಯಾವುದೋ ಅದನ್ನ ಹಿಡಿ. ನನ್ನ ಲೆಕ್ಕದಲ್ಲಿ ಅದು ಅಜ್ಜಿಯ ಕಥೆ. ಬಾಗಿಲು ತೆಗೆದ ತಮ್ಮ ಏನಂತಾನೋ ಗೊತ್ತಿಲ್ಲ, ಅಷ್ಟೇ. ಗುಮ್ಮಟದ ಕಥೆಯಲ್ಲಿ ಏನು ಗೊತ್ತಿಲ್ಲ ಅನ್ನೋದೇ ಗೊತ್ತಾಗೋದಿಲ್ಲ, ಬರೀ ಗಾಳಿ, ಪಾರಿವಾಳ, ಕಣ್ಣೀರು. ಸದ್ಯಕ್ಕೆ ಬಿಡು ಅದನ್ನ.

ಮೊದಲ ಪುಟ ಮುಟ್ಟಬೇಡ. ಒಂಬತ್ತು ಸಲ ಬರೆದಿದ್ದೀಯ, ಹತ್ತನೇ ಸಲ ಕಥೆ ಮುಗಿದ ಮೇಲೆ. ನಡುವೆ ಅಜ್ಜಿಯ ಹೆಸರು ಬದಲಿಸಬೇಕು ಅನ್ನಿಸಿದರೆ ಅಲ್ಲಿಂದಲೇ ಬದಲಿಸಿಕೊಂಡು ಮುಂದೆ ಹೋಗು, ಅಂಚಿನಲ್ಲಿ ಒಂದು ಗುರುತು ಹಾಕಿದರೆ ಸಾಕು. ಗುರುತು ಹಾಕದೆ ಇದ್ದರೆ ಏನಾಗುತ್ತೆ ಅಂತ ಮೇಲೆ ಹೇಳಿದ್ದೇನೆ.

14ನೇ ಪುಟ ತೆಗೆ. ಅಲ್ಲಿಂದ ಮುಂದೆ ಬರೀ ಮಾತು ಬರಿ. ಮಳೆ ಬೇಡ, ಮುಖದ ಸುಕ್ಕು ಬೇಡ, "ಅವಳ ಕಣ್ಣುಗಳು ತುಂಬಿಬಂದವು" ಬೇಡವೇ ಬೇಡ. ಇಬ್ಬರ ಬಾಯಿಂದ ಬಂದದ್ದು ಮಾತ್ರ. ತಪ್ಪಿದರೆ ತಪ್ಪಲಿ. ನಾನು ಸುಮ್ನೆ ಒಂದಿಷ್ಟು ಸಾಲು ಬರೆದು ನೋಡಿದೆ, ಬೇಡ ಅಂದ್ರೆ ಹರಿದು ಹಾಕು:

"ಯಾಕ ಬಂದಿ?"

"ನೀರು ಬಂತಪಾ."

"ಗೊತ್ತೈತಿ. ಪೇಪರ್‌ನ್ಯಾಗ ಓದೀನಿ."

"ತಲಬಾಗಲ ಚೌಕಟ್ಟ ಕಿತ್ತಿಸೀನಿ. ಅಪ್ಪ ಮಾಡಿಸಿದ್ದು."

"ಅದಕ?"

"ಶೆಡ್ಡಿನ್ಯಾಗ ಇಡಾಕ ಜಾಗಿಲ್ಲ. ನಿನ್ನ ಹಿತ್ತಲದಾಗ ಇಟಗೋತಿ ಏನು?"

ಅಜ್ಜಿ ದುಡ್ಡಿನ ಮಾತಾಡಲಿಕ್ಕೆ ಹೋಗಿದ್ದಾಳೆ ಅಂತ ನೀನೂ ಅಂದುಕೊಂಡಿದ್ದೆ, ನಾನೂ ಅಂದುಕೊಂಡಿದ್ದೆ. ಬಾಯಿ ತೆಗೆದಾಗ ಚೌಕಟ್ಟು ಬಂತು. ನಾನು ಅದನ್ನ ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ, "ನೀರು ಬಂತಪಾ" ಅಂತ ಬರೆದ ಮೇಲೆ ಆಕೆ ಮುಂದೆ ಏನೋ ಒಂದು ಹೇಳಲೇಬೇಕಿತ್ತಲ್ಲ, ಆಗ ಬಂತು. ಯೋಚಿಸುತ್ತ ಕೂತಿದ್ದರೆ ಬರುತ್ತಿರಲಿಲ್ಲ. ಮುಳುಗಡೆ ಊರಿನವರು ಬಾಗಿಲು, ತೊಲೆ, ಕಂಬ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿದ್ದನ್ನ ನಾನು ಕಣ್ಣಾರೆ ನೋಡಿದ್ದೆ, ಅದೇ ಎಲ್ಲೋ ಒಳಗೆ ಕೂತಿತ್ತು.

ನಿನಗೆ ಇದಕ್ಕಿಂತ ಒಳ್ಳೇದು ಸಿಗುತ್ತೆ. ನವನಗರ ಕಟ್ಟಿದ್ದೇ ಮುಳುಗಡೆಯವರಿಗಾಗಿ. ನಿನ್ನ ಸೆಕ್ಟರಿನಲ್ಲಿ ಸಂಜೆ ಹೊತ್ತು ಕಟ್ಟೆಗೆ ಕೂರುವ ಹಿರಿಯರು ಇದ್ದೇ ಇರುತ್ತಾರೆ. ಅವರನ್ನ ಪರಿಹಾರ ಎಷ್ಟು ಬಂತು ಅಂತ ಕೇಳಬೇಡ, ಮನೆ ಬಿಡುವ ದಿನ ಕೊನೆಗೆ ಏನು ಎತ್ತಿಕೊಂಡಿರಿ ಅಂತ ಕೇಳು. ಆಲಮಟ್ಟಿಯಲ್ಲಿ ನೀರು 519.60 ಮೀಟರಿಗೆ ನಿಲ್ಲುತ್ತೆ, ಅದನ್ನ 524.256 ಮೀಟರಿಗೆ ಏರಿಸುವ ಮಾತಿದೆ, ಇದೆಲ್ಲ ಪೇಪರಿನಲ್ಲೇ ಸಿಗುತ್ತೆ. ಕೊನೆಗೆ ಎತ್ತಿಕೊಂಡದ್ದು ಏನು ಅನ್ನೋದು ಸಿಗೋದಿಲ್ಲ. ಆದರೆ ಎರಡು ಸಂಜೆ ಮಾತ್ರ. ಮಾಹಿತಿ ಸೇರಿಸ್ತೀನಿ ಅಂತ ಹೇಳಿ ಆರು ತಿಂಗಳು ತಿರುಗಿದವರನ್ನ ನೋಡಿದ್ದೇನೆ, ಅದೂ ಬಾಗಿಲಿನಿಂದ ಓಡಿಹೋಗುವ ಒಂದು ದಾರಿನೇ, ಮರ್ಯಾದೆಯ ದಾರಿ ಅಷ್ಟೇ.

ಇನ್ನು ಹೊಸ ಕಥೆಗಳ ಕಾಟ. ಅವು ಬಂದೇ ಬರುತ್ತವೆ, ಬರಬೇಡಿ ಅಂದ್ರೆ ಇನ್ನೂ ಜಾಸ್ತಿ. ಬ್ಲೂಮಾ ಜೈಗಾರ್ನಿಕ್ ಅನ್ನೋ ಮನಶ್ಶಾಸ್ತ್ರಜ್ಞೆ ಬರ್ಲಿನ್ನಿನಲ್ಲಿ ಪ್ರಯೋಗ ಮಾಡಿ, ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸ ಜಾಸ್ತಿ ನೆನಪಿರುತ್ತೆ ಅಂತ 1927ರಲ್ಲಿ ಪ್ರಕಟಿಸಿದಳು. ಆಮೇಲೆ ಮಾಡಿ ನೋಡಿದವರಿಗೆಲ್ಲ ಅದೇ ಫಲ ಸಿಗಲಿಲ್ಲ, ಹಾಗಾಗಿ ಅದನ್ನ ವೇದವಾಕ್ಯ ಅನ್ನಲಾರೆ. ನನಗೆ ಉಪಯೋಗಕ್ಕೆ ಬಂದದ್ದು 2011ರ ಇನ್ನೊಂದು ಅಧ್ಯಯನ, ಅಮೆರಿಕದ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಅನ್ನುವವರದು. ಬಾಕಿ ಇರುವ ಕೆಲಸ ತಲೆ ತಿನ್ನೋದನ್ನ ನಿಲ್ಲಿಸಬೇಕಾದರೆ ಅದನ್ನ ಮುಗಿಸಲೇಬೇಕು ಅಂತಿಲ್ಲ, ಅದನ್ನ ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಗೊತ್ತುಮಾಡಿಕೊಂಡರೂ ತಲೆ ಸುಮ್ಮನಾಗುತ್ತೆ ಅಂತ ಅವರಿಗೆ ಕಂಡಿತು.

ನಮ್ಮ ಕಿರಾಣಿ ಅಂಗಡಿಯವರಿಗೆ ಇದು ಮೊದಲೇ ಗೊತ್ತಿತ್ತು ಅನ್ನು. ಉದ್ರಿ ವಹಿಯಲ್ಲಿ ಬರೆದುಬಿಟ್ಟರೆ ಯಾರ ಮನೆಯ ಬಾಕಿ ಎಷ್ಟು ಅಂತ ರಾತ್ರಿ ಎದ್ದು ಕೂರಬೇಕಿಲ್ಲ. ನೀನೂ ಒಂದು ಉದ್ರಿ ವಹಿ ಇಡು. ಹೊಸ ಕಥೆ ಹೊಳೆದಾಗ ತಾರೀಕು ಹಾಕಿ ಯಾರು, ಎಲ್ಲಿ, ಏನನ್ನ ಕಂಡು ಇದು ಹೊಳೆಯಿತು ಅಂತ ಬರಿ. ಕೆಳಗೆ "ಅಜ್ಜಿ ಮುಗಿದ ಮೊದಲ ಭಾನುವಾರ, ಬೆಳಿಗ್ಗೆ, ಈ ದೃಶ್ಯದಿಂದ ಶುರು" ಅಂತ ಬರಿ. ಐದು ಸಾಲು ಮೀರಬಾರದು. ಆರನೇ ಸಾಲು ಬರೆದೆ ಅಂದ್ರೆ ಅದೇ ಹನ್ನೆರಡನೇ ಕಥೆ. ನನ್ನ ವಹಿಯಲ್ಲಿ ಈಗ ನಲವತ್ತರ ಮೇಲೆ ಇವೆ. ಹಾಗೆ ಬರೆದಿಟ್ಟದ್ದರಲ್ಲಿ ಮೂರು ತಿಂಗಳು ಬಿಟ್ಟು ನೋಡಿದರೆ ಅರ್ಧಕ್ಕರ್ಧ "ಇದೇನಿದು, ಜ್ವರ ಬಂದಾಗ ಬರೆದೆನಾ" ಅನ್ನೋ ಹಾಗಿರುತ್ತವೆ.

ಹೊತ್ತಿನ ಬಗ್ಗೆ ನೀನು ಕೇಳಿಲ್ಲ, ಆದರೂ ಒಂದು ಮಾತು. ಇಂಗ್ಲೆಂಡಿನ ಆಂಥನಿ ಟ್ರಾಲಪ್ 19ನೇ ಶತಮಾನದಲ್ಲಿ ಅಂಚೆ ಇಲಾಖೆಯ ನೌಕರಿ ಮಾಡುತ್ತಲೇ ಸಾಲುಸಾಲು ಕಾದಂಬರಿ ಬರೆದವನು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಕೂರುತ್ತಿದ್ದ, ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಅಂತ ಲೆಕ್ಕ ಹಿಡಿದು ಬರೆಯುತ್ತಿದ್ದ. ಎಬ್ಬಿಸಲಿಕ್ಕೆ ಮನೆಯ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದನಂತೆ. ನಿನಗೆ ಆ ಖರ್ಚು ಬೇಡ, ಅವ್ವ ಹೇಗಿದ್ದರೂ ಬೈಯಲಿಕ್ಕೆ ಬೇಗ ಏಳುತ್ತಾಳಲ್ಲ. ಆತನ ಹಾಗೆ ಮೂರು ಗಂಟೆ ಕೂರು ಅಂತ ನಾನು ಹೇಳೋದಿಲ್ಲ. 40 ನಿಮಿಷ ಸಾಕು, ಆದರೆ ದಿನಾ ಅದೇ 40 ನಿಮಿಷ, ಅದೇ ಕಥೆ. ಏಳುವಾಗ ಮುಂದಿನ ಸಾಲು ಗೊತ್ತಿರುವ ಕಡೆಯೇ ನಿಲ್ಲಿಸಿ ಏಳು. ನಾಳೆ ಹೆಪ್ಪು ಹಾಕಲಿಕ್ಕೆ ಅಂತ ಡಬ್ಬಿಯಲ್ಲಿ ಒಂದು ಚಮಚ ಮೊಸರು ಉಳಿಸುತ್ತೇವಲ್ಲ, ಹಾಗೆ. ಎಲ್ಲ ಬಳಿದು ತಿಂದರೆ ಬೆಳಿಗ್ಗೆ ಪಕ್ಕದ ಮನೆಗೆ ವಾಟಿ ಹಿಡಿದು ಹೋಗಬೇಕಾಗುತ್ತೆ.

ಅಜ್ಜಿಯ ಕಥೆ ಮುಗಿದ ಮೇಲೂ ಸುಮಾರಾಗೇ ಇರಬಹುದು. ಇರಲಿ, ನನ್ನ ಮೊದಲ ಮುಗಿದ ಕಥೆ ಸುಮಾರಿಗಿಂತ ಕಡೆ ಇತ್ತು. ಮುಗಿಸಿ ಕಳಿಸು. ತಮ್ಮ ಚೌಕಟ್ಟು ಇಟ್ಟುಕೊಂಡನಾ ಇಲ್ಲವಾ ಅಂತ ನನಗೂ ಗೊತ್ತಾಗಬೇಕು.

ಪ್ರಶ್ನೆ: ನಾನು ಅಥಣಿ ಕಡೆಯ ಹುಡುಗ, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನವೆಂಬರ್ ತಿಂಗಳ 30 ದಿನದಲ್ಲಿ 50,000 ಪದದ ಕಾದಂಬರಿ ಬರೆಯುವ ಸವಾಲು ಇರುತ್ತದಲ್ಲ, ಅದನ್ನು ಕನ್ನಡದಲ್ಲಿ ಮಾಡಬೇಕು ಅಂತಿದೆ. ಜೊತೆಗೆ ಒಂದು ಸಣ್ಣಕಥೆಯೂ ನಡೆದಿದೆ. ಎರಡೂ ಒಟ್ಟಿಗೆ ಆಗುತ್ತವಾ ಅಕ್ಕೋರೇ?

ಉತ್ತರ: ತಮ್ಮಾ, ಪರೀಕ್ಷೆ ಯಾವಾಗ ಅಂತ ಬರೆದಿಲ್ಲ ನೀನು. ಇರಲಿ.

ಆ ಸವಾಲು ಅಮೆರಿಕದಲ್ಲಿ 1999ರಲ್ಲಿ ಶುರುವಾದದ್ದು. ಮೊದಲ ವರ್ಷ ಜುಲೈನಲ್ಲಿ ನಡೆದು ಆಮೇಲೆ ನವೆಂಬರಿಗೆ ಬಂತು. ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿತು, ಆದರೆ ಸವಾಲಿಗೆ ಸಂಸ್ಥೆ ಯಾಕೆ ಬೇಕು, ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇದ್ದರೆ ಆಯಿತು. ದಿನಕ್ಕೆ 1,667 ಪದ ಬೀಳುತ್ತೆ. ಇಲ್ಲೊಂದು ತೊಡಕಿದೆ, ಅದು ಇಂಗ್ಲಿಷಿನ ಲೆಕ್ಕ. ನಮ್ಮ "ಬರಬೇಕಾಗಿತ್ತಲ್ಲ" ಒಂದೇ ಪದ, "ಮನೆಯೊಳಗಿನಿಂದ" ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲಿಕ್ಕೆ ನಾಲ್ಕು ಪದ ಬೇಕಾಗುತ್ತೆ. 50,000 ಕನ್ನಡ ಪದ ಅಂತ ಹಠ ಹಿಡಿದರೆ ನೀನು ಅವರಿಗಿಂತ ಎಷ್ಟೋ ದೊಡ್ಡ ಕಾದಂಬರಿ ಬರೆಯಬೇಕಾಗುತ್ತೆ, ಅದೇ 30 ದಿನದಲ್ಲಿ. ಪದ ಎಣಿಸೋದು ಬಿಟ್ಟು ದಿನಕ್ಕೊಂದು ದೃಶ್ಯ ಅಂತ ಇಟ್ಟುಕೋ.

ಎರಡು ಒಟ್ಟಿಗೆ ಬೇಡ. ಸೋಫಿ ಲೆರಾಯ್ ಅನ್ನುವವರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತೆ, ಎರಡನೆಯದು ಅಷ್ಟರಮಟ್ಟಿಗೆ ಕೆಡುತ್ತೆ ಅಂತ. ಕಥೆಯಲ್ಲಂತೂ ಇದು ಕಣ್ಣಿಗೇ ಕಾಣುತ್ತೆ, ಒಂದು ಕಥೆಯ ನಾಯಕ ಇನ್ನೊಂದು ಕಥೆಯ ನಾಯಕನ ಹಾಗೇ ಮಾತಾಡಲಿಕ್ಕೆ ಶುರು ಮಾಡುತ್ತಾನೆ. ಒಂದು ಹಸಿ, ಒಂದು ತಿದ್ದುವುದು, ಹೀಗಾದರೆ ನಡೆಯುತ್ತೆ. ಬರೆದು ಮುಗಿದ ಸಣ್ಣಕಥೆಯನ್ನ ಸಂಜೆ ತಿದ್ದು, ಬೆಳಿಗ್ಗೆ ಕಾದಂಬರಿ ಬರಿ. ಎರಡೂ ಹಸಿ ಇದ್ದರೆ ಸಣ್ಣಕಥೆಯನ್ನ ಅಕ್ಟೋಬರಿನಲ್ಲೇ ಮುಗಿಸು, ಊರಿಗೆ ಹೋಗಿಬರುವ ಬಸ್ಸಿನಲ್ಲಾದರೂ ಸರಿ.

ಪ್ರಶ್ನೆ: ನಾನೂ ನಿಮ್ಮ ವಿಜಯಪುರದವನೇ. ನಮ್ಮ ಬಾರಾಕಮಾನ್ ಅರ್ಧಕ್ಕೆ ನಿಂತರೂ ಎಷ್ಟು ಚೆಂದ ಇದೆ ಅಲ್ವಾ? ಜನ ದೂರದೂರದಿಂದ ಬಂದು ನೋಡುತ್ತಾರೆ. ಹಾಗೇ ಕಥೆಯನ್ನೂ ಅರ್ಧಕ್ಕೆ ಬಿಟ್ಟು "ಓದುಗರೇ ಊಹಿಸಿಕೊಳ್ಳಲಿ" ಅಂದರೆ ತಪ್ಪೇನು?

ಉತ್ತರ: ನಮ್ಮೂರಿನ ಸುಲ್ತಾನ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ, ಅವನ ಗೋರಿಯ ಕಟ್ಟಡವಾದ ಬಾರಾಕಮಾನ್ ಪೂರ್ತಿಯಾಗಲೇ ಇಲ್ಲ. ನೀವು ಪತ್ರ ಬರೆದಿದ್ದೀರಿ ಅಂದ ಮೇಲೆ ಚೆನ್ನಾಗೇ ಇದ್ದೀರಿ.

ತಮಾಷೆ ಬಿಡಿ. ಸಂಜೆ ವಾಕಿಂಗ್ ಹೋದಾಗ ಅಲ್ಲಿ ಅರ್ಧ ಗಂಟೆ ನಿಂತು ನೋಡಿ. ಅಷ್ಟೆತ್ತರ ಎದ್ದು ನಿಂತಿರುವ ಕಮಾನುಗಳನ್ನ ನೋಡಿದಿರಾ? ಎರಡು ಕಡೆಯಿಂದ ಬಂದ ಕಲ್ಲು ಮೇಲೆ ಕೂಡಿಕೊಂಡಿವೆ. ಕೂಡುವವರೆಗೂ ಕಮಾನು ತನ್ನಷ್ಟಕ್ಕೆ ನಿಲ್ಲೋದಿಲ್ಲ, ಕೆಳಗೆ ಕಟ್ಟಿಗೆಯ ಆಸರೆ ಬೇಕು. ಆಸರೆ ತೆಗೆದರೆ ಬೀಳುತ್ತೆ. ಅಲ್ಲಿ ಮೇಲಿನ ಗುಮ್ಮಟ ಇಲ್ಲ, ಆದರೂ ಕೂಡಿಕೊಂಡ ಕಮಾನುಗಳು ನಿಂತಿವೆ. ನಿಮ್ಮ ಕಥೆಯಲ್ಲಿ ಗುಮ್ಮಟ ಬಿಡಿ, ಬೇಕಿದ್ದರೆ ಆಕಾಶ ಕಾಣಲಿ, ಯಾರೂ ಬೇಡ ಅನ್ನೋದಿಲ್ಲ. ಆದರೆ ಗಂಡ ಹೆಂಡತಿಯ ಜಗಳ ಶುರು ಮಾಡಿ, ಅತ್ತೆಯ ಕಾಯಿಲೆ ಶುರು ಮಾಡಿ, ಮಾರಿದ ಎತ್ತಿನ ಕಥೆ ಶುರು ಮಾಡಿ, ಒಂದನ್ನೂ ಆಚೆ ದಡ ಮುಟ್ಟಿಸದೆ ಓದುಗರು ಊಹಿಸಲಿ ಅಂದರೆ ಕಲ್ಲು ಓದುಗರ ತಲೆ ಮೇಲೆ ಬೀಳುತ್ತೆ. ನೀವು ಕಳಿಸಿದ ಕಥೆಯಲ್ಲಿ ನಾನು ಮೂರು ಕಲ್ಲು ಎಣಿಸಿದೆ.

ಪ್ರಶ್ನೆ: ಜಮಖಂಡಿಯಿಂದ ಬರೆಯುತ್ತಿದ್ದೇನೆ. ಕಥೆ ಹೊಳೆದ ತಕ್ಷಣ ಚಹಾದಂಗಡಿಯಲ್ಲಿ ಗೆಳೆಯರಿಗೆ ಹೇಳುತ್ತೇನೆ. ಎಲ್ಲರೂ "ಭಾರೀ ಐತಿ" ಅಂತಾರೆ. ಮನೆಗೆ ಬಂದು ಬರೆಯಲು ಕೂತರೆ ಒಂದು ಸಾಲೂ ಬರೋದಿಲ್ಲ, ಆಸಕ್ತಿಯೇ ಇರೋದಿಲ್ಲ. ಯಾಕೆ ಹೀಗೆ?

ಉತ್ತರ: "ಭಾರೀ ಐತಿ" ಅನ್ನಿಸಿಕೊಳ್ಳಲಿಕ್ಕೇ ನೀವು ಬರೆಯುತ್ತಿದ್ದದ್ದು. ಅದು ಚಹಾದ ಜೊತೆಗೇ ಸಿಕ್ಕಿಬಿಟ್ಟರೆ ಮನೆಗೆ ಬಂದು ಯಾರು ಬೆನ್ನು ನೋಯಿಸಿಕೊಳ್ಳುತ್ತಾರೆ? ಚಹಾ ಕುಡಿಯಿರಿ, ಮಳೆ, ಕಬ್ಬಿನ ಬಿಲ್, ಯಾರ ಮಗಳ ಮದುವೆ ಎಲ್ಲಿ, ಏನು ಬೇಕಾದರೂ ಮಾತಾಡಿ, ಕಥೆಯೊಂದು ಬಿಟ್ಟು. ಯಾರಾದರೂ ಕೇಳಿದರೆ "ನಡದೈತಿ" ಅನ್ನಿ. ಪೂರ್ತಿ ಬರೆದಾದ ದಿನ ಕಾಗದ ಜೇಬಿನಲ್ಲಿಟ್ಟುಕೊಂಡು ಹೋಗಿ ಓದಿ ಹೇಳಿ. ಆವತ್ತಿನ ಚಹಾದ ದುಡ್ಡು ನೀವೇ ಕೊಡಿ, ಕಥೆ ಮುಗಿಯುವವರೆಗೆ ಯಾರೂ ಎದ್ದು ಹೋಗಲಿಕ್ಕಿಲ್ಲ.